ಅಣಬೆ: ಆಹಾರವೆಷ್ಟು, ಔಷಧಿಯೆಷ್ಟು?

ಮುಂಗಾರಿನ ಮೊದಲ ಮಳೆ ಬಿದ್ದು ನಾಲ್ಕು ಗುಡುಗು ಗುಡುಗಿತೆಂದರೆ ಮಲೆನಾಡಿನ ಹಳ್ಳಿಗಳಲ್ಲಿ ಅಣಬೆಯ ಮಾತು ಏಳುತ್ತದೆ. ಹುತ್ತದ ಮಗ್ಗುಲಲ್ಲಿ, ಬ್ಯಾಣದಲ್ಲಿ, ದರಗು ಕೊಳೆತ ಕಾಡಿನ ನೆಲದಲ್ಲಿ ಬೆಳಗಾಗುವುದರೊಳಗೆ ಬಿಳಿಯ ಕೊಡೆಗಳು ಬಿಚ್ಚಿಕೊಂಡಿರುತ್ತವೆ. ತಿಳಿದವರು ಅವನ್ನು ಆರಿಸಿ ತಂದು ಸಾರು ಮಾಡಿ, ಕಡುಬಿನೊಡನೆಯೋ ಅಕ್ಕಿ ರೊಟ್ಟಿಯೊಡನೆಯೋ ಉಣ್ಣುತ್ತಾರೆ. ಹಿಂದೆ ವರ್ಷಕ್ಕೆ ಕೆಲವೇ ದಿನ ದೊರೆಯುತ್ತಿದ್ದ ಈ ರುಚಿ ಈಗ ವರ್ಷವಿಡೀ ದೊರೆಯುವಂತಾಗಿದೆ. ಶಿವಮೊಗ್ಗ ನಗರದ ಗೋಪಾಳದಂತಹ ಬಡಾವಣೆಗಳ ಮನೆಗಳಲ್ಲಿ ಬೇಸಾಯದ ಅಣಬೆ ಇಂದು ಬದನೆ, ಬೀನ್ಸ್‌ಗಳಂತೆಯೇ ಒಂದು ತರಕಾರಿ. ಭದ್ರಾವತಿ ತಾಲ್ಲೂಕಿನ ಅಚ್ಚುಕಟ್ಟಿನಲ್ಲಿ ಅದನ್ನು ಬೆಳೆಯಲು ಬೇಕಾದ ಭತ್ತದ ಹುಲ್ಲು ಯಥೇಚ್ಛವಾಗಿದೆ.

ಅಣಬೆಯ ಬಳಕೆ ಹೆಚ್ಚಿದಂತೆ ಅದರ ಬಗೆಗಿನ ಮಾತುಗಳೂ ಹೆಚ್ಚಿವೆ. "ಮಾಂಸಕ್ಕಿಂತ ಹೆಚ್ಚು ಸಸಾರಜನಕ ಇದೆ", "ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ", "ಕ್ಯಾನ್ಸರಿಗೆ ಮದ್ದು" ಎಂಬ ಮಾತುಗಳನ್ನು ರೈತರು ಕೇಳಿದ್ದಾರೆ. ಇವನ್ನು ನಂಬಿ ದುಬಾರಿ ಪುಡಿ, ಗುಳಿಗೆಗಳನ್ನು ಕೊಳ್ಳುವವರಿದ್ದಾರೆ. ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸುವವರೂ ಇದ್ದಾರೆ. ಇನ್ನೊಂದೆಡೆ ವಿಷದ ಭಯದಿಂದ ಬೇಸಾಯದ ಅಣಬೆಯನ್ನೂ ಮುಟ್ಟದ ಮನೆಗಳಿವೆ. ಈ ಎರಡೂ ನಷ್ಟವೇ. ಆದ್ದರಿಂದ ಅಣಬೆಯಲ್ಲಿ ನಿಜವಾಗಿ ಏನಿದೆ, ಎಷ್ಟಿದೆ, ಅದರಿಂದ ಯಾವ ಪ್ರಯೋಜನವನ್ನು ನಿರೀಕ್ಷಿಸಬಹುದು, ಯಾವುದನ್ನು ನಿರೀಕ್ಷಿಸಬಾರದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಅಣಬೆ ಎಂದರೇನು?

ಅಣಬೆ ಒಂದು ಶಿಲೀಂಧ್ರ. ಹಳಸಿದ ರೊಟ್ಟಿಯ ಮೇಲೆ ಕಾಣುವ ಬೂಷ್ಟು, ಹಿಟ್ಟನ್ನು ಹುಳಿಯಾಗಿಸುವ ಯೀಸ್ಟ್ ಇವೆಲ್ಲ ಇದರ ಬಳಗಕ್ಕೆ ಸೇರಿದವು. ಅಣಬೆಯಲ್ಲಿ ಪತ್ರಹರಿತ್ತು ಇಲ್ಲದ ಕಾರಣ ಅದು ಗಿಡಗಳಂತೆ ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳಲಾರದು. ಕೊಳೆಯುತ್ತಿರುವ ಹುಲ್ಲು, ಎಲೆ, ಮರಗಳಿಂದ ಆಹಾರವನ್ನು ಹೀರಿ ಬದುಕುತ್ತದೆ. ನಾವು ಕಾಣುವ ಕೊಡೆಯು ಮರಕ್ಕೆ ಹಣ್ಣು ಇದ್ದಂತೆ. ನಿಜವಾದ ಅಣಬೆಯು ದಾರದ ಎಳೆಗಳಂತೆ ಹುಲ್ಲಿನೊಳಗೆ ಅಥವಾ ಮಣ್ಣಿನೊಳಗೆ ಹಬ್ಬಿಕೊಂಡಿರುತ್ತದೆ. ನೆಲ ನೆನೆದು ತೇವ ಮತ್ತು ತಂಪು ಒದಗಿದಾಗ ಈ ಎಳೆಗಳಿಂದ ಕೊಡೆ ಮೇಲೇಳುತ್ತದೆ. ಗುಡುಗಿಗೂ ಅಣಬೆಗೂ ನಮ್ಮ ಹಿರಿಯರು ಕಂಡ ನಂಟಿಗೆ ಗುಡುಗಿನ ಜೊತೆಯಲ್ಲಿ ಬರುವ ಈ ಮಳೆಯೇ ಕಾರಣ.

ಅಣಬೆ ಸಸ್ಯವೂ ಅಲ್ಲ, ಪ್ರಾಣಿಯೂ ಅಲ್ಲ. ಅದರ ಜೀವಕೋಶದ ಗೋಡೆಯಲ್ಲಿ ಕೈಟಿನ್ ಎಂಬ ವಸ್ತುವಿದೆ. ಸಿಗಡಿಯ ಚಿಪ್ಪಿನಲ್ಲಿರುವುದೂ ಇದೇ. ಬೇಯಿಸಿದ ಅಣಬೆ ಮಾಂಸದಂತೆ ಹಲ್ಲಿಗೆ ಸಿಗುವುದರಿಂದ ಕೆಲವು ಮನೆಗಳಲ್ಲಿ ಅದನ್ನು ನಿಷಿದ್ಧವೆಂದು ಬಿಟ್ಟಿದ್ದಾರೆ. ತಿನ್ನುವುದು ಬಿಡುವುದು ಅವರವರ ಮನೆಯ ಪದ್ಧತಿಗೆ ಬಿಟ್ಟದ್ದು. ಆದರೆ ಅದರಲ್ಲಿ ಮಾಂಸದ ಅಂಶ ಯಾವುದೂ ಇಲ್ಲ.

ಮೈಸೂರಿನಲ್ಲಿ ಇಟ್ಟ ಹೆಜ್ಜೆ

ಅಣಬೆ ಬೇಸಾಯದ ಚರಿತ್ರೆಯಲ್ಲಿ ಕರ್ನಾಟಕಕ್ಕೆ ಒಂದು ಹೆಮ್ಮೆಯ ಸ್ಥಾನವಿದೆ. ಚಿಪ್ಪು ಅಣಬೆಯನ್ನು ಜರ್ಮನಿಯಲ್ಲಿ 1917ರ ಸುಮಾರಿಗೆ ಮರದ ಬೊಡ್ಡೆಗಳ ಮೇಲೆ ಬೆಳೆಯಲು ಪ್ರಾರಂಭಿಸಿದ್ದರು. ನಮ್ಮ ದೇಶದಲ್ಲಿ ಅದನ್ನು ಭತ್ತದ ಹುಲ್ಲಿನ ಮೇಲೆ ಬೆಳೆಯಬಹುದೆಂದು ತೋರಿಸಿಕೊಟ್ಟವರು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳಾದ ಝಾಕಿಯಾ ಬಾನು ಮತ್ತು ಶ್ರೀವಾಸ್ತವ ಅವರು, ವರ್ಷ 1962. ಮರ ಕಡಿಯಬೇಕಾಗಿಲ್ಲ, ಗೊಬ್ಬರ ಹದಗೊಳಿಸಬೇಕಾಗಿಲ್ಲ, ರೈತನ ಬಣವೆಯ ಹುಲ್ಲೇ ಸಾಕು ಎಂಬುದು ಆ ಸಂಶೋಧನೆಯ ತಿರುಳು. ಇಂದು ನಾಡಿನ ಸಣ್ಣ ರೈತರು ಹಾಗೂ ಮಹಿಳಾ ಸಂಘದವರು ಅನುಸರಿಸುತ್ತಿರುವ ಚೀಲದ ಪದ್ಧತಿಗೆ ಇದೇ ತಳಹದಿ.

ಮುಂದೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅಣಬೆ ಪ್ರಯೋಗಾಲಯವನ್ನು ಹೊಂದಿ ಬೀಜ ಒದಗಿಸುವ ಮತ್ತು ತರಬೇತಿ ನೀಡುವ ಕೆಲಸದಲ್ಲಿ ತೊಡಗಿತು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಅಡಿಕೆ ಮತ್ತು ತೆಂಗಿನ ತೋಟದ ಕಸದ ಮೇಲೂ ಚಿಪ್ಪು ಅಣಬೆ ಬೆಳೆಯಬಹುದೆಂದು ತೋರಿಸಿದ್ದಾರೆ. ಶಿವಮೊಗ್ಗದ ಅಡಿಕೆ ಬೆಳೆಗಾರರಿಗೆ ಇದು ಗಮನಾರ್ಹವಾದ ಸಂಗತಿ. ಇನ್ನು ಕಾಡಿನ ಸಂಪತ್ತನ್ನು ನೋಡಿದರೆ, ಶಿವಮೊಗ್ಗ ಜಿಲ್ಲೆಯ ಕಾಡುಗಳಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ಕಣ್ಣಿಗೆ ಕಾಣುವ ಗಾತ್ರದ ಶಿಲೀಂಧ್ರಗಳು 700ಕ್ಕೂ ಹೆಚ್ಚು ಬಗೆ ದಾಖಲಾಗಿವೆ. ಇವುಗಳಲ್ಲಿ ತಿನ್ನಲು ಯೋಗ್ಯವಾದವು ಸ್ವಲ್ಪ ಮಾತ್ರ.

ಸಸಾರಜನಕದ ಲೆಕ್ಕ

ಅಣಬೆಯ ಬಗ್ಗೆ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಸಸಾರಜನಕದ ವಿಷಯದಲ್ಲಿ. ಹಸಿ ಅಣಬೆಯ ತೂಕದಲ್ಲಿ ಶೇಕಡ 90ರಷ್ಟು ನೀರೇ. ಹತ್ತು ಕಿಲೊ ಹಸಿ ಅಣಬೆ ಒಣಗಿಸಿದರೆ ದೊರೆಯುವುದು ಸುಮಾರು ಒಂದು ಕಿಲೊ. ಪ್ರಚಾರದ ಹಾಳೆಗಳಲ್ಲಿ "ಶೇಕಡ 25 ಸಸಾರಜನಕ" ಎಂದು ಬರೆದಿದ್ದರೆ ಅದು ಒಣ ತೂಕದ ಲೆಕ್ಕ. ನಾವು ಬಾಣಲೆಗೆ ಹಾಕುವುದು ಹಸಿ ಅಣಬೆಯನ್ನು. ಆದ್ದರಿಂದ ಲೆಕ್ಕವನ್ನು ಹೀಗೆ ನೋಡಬೇಕು:

100 ಗ್ರಾಂ ಆಹಾರದಲ್ಲಿ ಸಸಾರಜನಕ (ಸುಮಾರಾಗಿ)
ಸಾಮಾನ್ಯ ಹಸಿ ತರಕಾರಿ: 1ರಿಂದ 2 ಗ್ರಾಂ
ಹಸಿ ಚಿಪ್ಪು ಅಣಬೆ: 2.5ರಿಂದ 3.5 ಗ್ರಾಂ
ಹಸುವಿನ ಹಾಲು: 3 ಗ್ರಾಂ
ರಾಗಿ: 7 ಗ್ರಾಂ
ಅಕ್ಕಿ: 7ರಿಂದ 8 ಗ್ರಾಂ
ಕೋಳಿ ಮೊಟ್ಟೆ: 13 ಗ್ರಾಂ
ತೊಗರಿ ಬೇಳೆ: 22 ಗ್ರಾಂ
ಒಣಗಿಸಿದ ಚಿಪ್ಪು ಅಣಬೆ: 20ರಿಂದ 25 ಗ್ರಾಂ

ಇದರಿಂದ ಎರಡು ವಿಷಯ ಸ್ಪಷ್ಟವಾಗುತ್ತವೆ. ತರಕಾರಿಗಳ ಸಾಲಿನಲ್ಲಿ ಅಣಬೆಗೆ ಮೇಲಿನ ಸ್ಥಾನ. ಆದರೆ ಬೇಳೆ, ಮೊಟ್ಟೆಗಳ ಜಾಗವನ್ನು ಅದು ತುಂಬಲಾರದು. 200 ಗ್ರಾಂ ಹಸಿ ಅಣಬೆ ತಿಂದರೆ ಒಂದು ಮೊಟ್ಟೆಯಷ್ಟು, ಅಂದರೆ ಸುಮಾರು 6 ಗ್ರಾಂ ಸಸಾರಜನಕ ದೊರೆಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ನಿಗದಿಪಡಿಸಿದ ಪ್ರಕಾರ ವಯಸ್ಕ ಗಂಡಸಿಗೆ ದಿನಕ್ಕೆ 54 ಗ್ರಾಂ, ಹೆಂಗಸಿಗೆ ಸುಮಾರು 46 ಗ್ರಾಂ ಸಸಾರಜನಕ ಬೇಕು. ಉಳಿದದ್ದು ಬೇಳೆ, ಹಾಲು, ಕಾಳು, ಮೊಟ್ಟೆ, ಮೀನುಗಳಿಂದಲೇ ಬರಬೇಕು.

ಹಾಗಾದರೆ ಅಣಬೆಯ ಹೆಚ್ಚುಗಾರಿಕೆ ಏನು? ಅದರ ಸಸಾರಜನಕದ ಗುಣದಲ್ಲಿ ಹೆಚ್ಚುಗಾರಿಕೆ ಇದೆ. ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾಗದ, ಆಹಾರದಿಂದಲೇ ಪಡೆಯಬೇಕಾದ ಅಮೈನೋ ಆಮ್ಲಗಳೆಲ್ಲವೂ ಅದರಲ್ಲಿವೆ. ಅಕ್ಕಿಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ; ಅಣಬೆಯಲ್ಲಿ ಅದು ಸಾಕಷ್ಟಿದೆ. ಮೂರು ಹೊತ್ತೂ ಅಕ್ಕಿಯನ್ನೇ ಉಣ್ಣುವ ಮಲೆನಾಡಿನ ಮನೆಯಲ್ಲಿ ಅನ್ನದ ಜೊತೆಗೆ ಅಣಬೆ ಸಾರು ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಈ ಮಾತಿಗೆ ಏಕೆ ಒತ್ತು ಕೊಡಬೇಕೆಂದರೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳ ಎತ್ತರ ವಯಸ್ಸಿಗೆ ತಕ್ಕಷ್ಟಿಲ್ಲ. ಹೊಟ್ಟೆ ತುಂಬ ಅನ್ನವಿದ್ದೂ ತಟ್ಟೆಯಲ್ಲಿ ಬೇರೆ ಬೇರೆ ಆಹಾರವಿಲ್ಲದಿರುವುದು ಇದಕ್ಕೆ ಇರುವ ಕಾರಣಗಳಲ್ಲಿ ಒಂದು. ಮನೆಯ ಹುಲ್ಲಿನಿಂದಲೇ ಒಂದು ಪೌಷ್ಟಿಕ ಪಲ್ಯ ಬರುವುದಾದರೆ ಅದನ್ನು ಬಿಡಬಾರದು.

ಉಳಿದ ಆಹಾರಾಂಶಗಳು

ಹಸಿ ಅಣಬೆಯಲ್ಲಿ ಕೊಬ್ಬು ಶೇಕಡ ಒಂದಕ್ಕಿಂತ ಕಡಿಮೆ. ಕೊಲೆಸ್ಟೆರಾಲ್ ಇಲ್ಲ. 100 ಗ್ರಾಮಿನಿಂದ ಬರುವ ಶಕ್ತಿ ಸುಮಾರು 25ರಿಂದ 35 ಕ್ಯಾಲೊರಿ ಮಾತ್ರ. ಸೋಡಿಯಂ ಕಡಿಮೆ ಇದ್ದು ಪೊಟ್ಯಾಷಿಯಂ 300ರಿಂದ 400 ಮಿಲಿಗ್ರಾಂ ಇದೆ. ತಾಮ್ರ, ಸೆಲೆನಿಯಂಗಳೂ ಇವೆ. 'ಬಿ' ಗುಂಪಿನ ಜೀವಸತ್ವಗಳಾದ ರೈಬೊಫ್ಲೇವಿನ್, ನಯಾಸಿನ್, ಫೋಲಿಕ್ ಆಮ್ಲಗಳು ಚೆನ್ನಾಗಿವೆ. 100 ಗ್ರಾಂ ಹಸಿ ಚಿಪ್ಪು ಅಣಬೆಯಲ್ಲಿ ಸುಮಾರು 5 ಮಿಲಿಗ್ರಾಂ ನಯಾಸಿನ್ ಇದೆ. ಗಿರಣಿಯಲ್ಲಿ ಅಕ್ಕಿಗೆ ಹೊಳಪು ಕೊಡುವಾಗ ತೌಡಿನ ಜೊತೆ ಹೊರಟುಹೋಗುವ ಜೀವಸತ್ವಗಳು ಈ ಗುಂಪಿನವೇ ಎಂಬುದನ್ನು ನೆನಪಿಡಬೇಕು. ಆದರೆ 'ಬಿ–12' ಜೀವಸತ್ವಕ್ಕೆ ಅಣಬೆಯನ್ನು ನಂಬುವಂತಿಲ್ಲ. ಅದಕ್ಕೆ ಹಾಲು, ಮೊಸರು, ಮೊಟ್ಟೆ, ಮೀನು ಬೇಕು.

'ಡಿ' ಜೀವಸತ್ವದ ವಿಷಯದಲ್ಲಿ ಅಣಬೆಗೆ ಒಂದು ವಿಶೇಷ ಗುಣವಿದೆ. ಅದರಲ್ಲಿ ಎರ್ಗೋಸ್ಟೆರಾಲ್ ಎಂಬ ವಸ್ತುವಿದ್ದು, ಬಿಸಿಲಿನ ಅತಿನೇರಳೆ ಕಿರಣ ತಾಗಿದೊಡನೆ ಅದು 'ಡಿ–2' ಜೀವಸತ್ವವಾಗಿ ಮಾರ್ಪಡುತ್ತದೆ. ಕತ್ತಲ ಕೋಣೆಯಲ್ಲಿ ಬೆಳೆದ ಅಣಬೆಯಲ್ಲಿ ಈ ಜೀವಸತ್ವ ಅತ್ಯಲ್ಪ. ಅಡುಗೆಗೆ ಮುನ್ನ ಅಣಬೆಯನ್ನು ಸೀಳಿ, ಕೊಡೆಯ ಅಡಿಯಲ್ಲಿರುವ ಪದರಗಳು ಮೇಲೆ ಬರುವಂತೆ ತಟ್ಟೆಯಲ್ಲಿ ಹರಡಿ, ನಡುಹಗಲಿನ ಬಿಸಿಲಿನಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಇಟ್ಟರೆ ಅದು ಬಹಳಷ್ಟು ಹೆಚ್ಚುತ್ತದೆ. ಕಿಟಕಿಯ ಗಾಜಿನ ಹಿಂದೆ ಇಟ್ಟರೆ ಪ್ರಯೋಜನವಿಲ್ಲ. ಗಾಜು ಆ ಕಿರಣಗಳನ್ನು ತಡೆಯುತ್ತದೆ. ಖರ್ಚಿಲ್ಲದ ಈ ಕೆಲಸವನ್ನು ಮನೆಯವರು ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ಔಷಧಿ ಗುಣ: ತಿಳಿದುಬಂದಿರುವುದು ಏನು?

ಅಣಬೆಯಲ್ಲಿರುವ ನಾರಿನಲ್ಲಿ ಬೀಟಾ ಗ್ಲೂಕಾನ್ ಎಂಬ ಅಂಶ ಮುಖ್ಯವಾದುದು. ಇದು ಕರುಳಿನಲ್ಲಿ ಆಹಾರದ ಹೀರಿಕೆಯನ್ನು ನಿಧಾನಗೊಳಿಸುತ್ತದೆ. ಅಣಬೆಯಲ್ಲಿ ಪಿಷ್ಟದ ಅಂಶ ಕಡಿಮೆ ಇರುವುದರಿಂದ ಉಂಡ ಮೇಲೆ ರಕ್ತದಲ್ಲಿ ಸಕ್ಕರೆ ಏಕಾಏಕಿ ಏರುವುದಿಲ್ಲ. ಸಕ್ಕರೆ ಕಾಯಿಲೆಯವರು ತಟ್ಟೆಯ ಅನ್ನದಲ್ಲಿ ಸ್ವಲ್ಪ ಭಾಗ ಕಡಿಮೆ ಮಾಡಿ ಆ ಜಾಗದಲ್ಲಿ ಅಣಬೆ ಪಲ್ಯ ಹಾಕಿಕೊಂಡರೆ ಅನುಕೂಲವಾಗುತ್ತದೆ. ಅನ್ನವನ್ನು ಎಂದಿನಂತೆ ಉಂಡು ಅದರ ಮೇಲೆ ಅಣಬೆಯನ್ನೂ ತಿಂದರೆ ಪ್ರಯೋಜನ ಕಾಣದು.

ಚಿಪ್ಪು ಅಣಬೆಯಲ್ಲಿ ಲೊವಾಸ್ಟಾಟಿನ್ ಎಂಬ ವಸ್ತು ಅಲ್ಪ ಪ್ರಮಾಣದಲ್ಲಿ ಕಂಡುಬಂದಿದೆ. ರಕ್ತದ ಕೊಲೆಸ್ಟೆರಾಲ್ ಇಳಿಸುವ ಇದೇ ಹೆಸರಿನ ಮಾತ್ರೆಗೆ ಅಮೆರಿಕದಲ್ಲಿ 1987ರಲ್ಲಿ ಮಾನ್ಯತೆ ದೊರೆಯಿತು. ಆ ಮಾತ್ರೆಯ ಮೂಲವೂ ಒಂದು ಬೂಷ್ಟೇ. ಆದರೆ ಮಾತ್ರೆಯಲ್ಲಿ ಪ್ರಮಾಣ ನಿಗದಿಯಾಗಿರುತ್ತದೆ. ಅಣಬೆಯಲ್ಲಿ ಅದು ತಳಿ, ಹುಲ್ಲು, ಕೊಯ್ಲಿನ ಹದ ಇವುಗಳಿಗೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ಹೃದ್ರೋಗಿಗಳು ಮಾತ್ರೆಯ ಬದಲಿಗೆ ಅಣಬೆಯನ್ನು ನೆಚ್ಚಬಾರದು.

ಎರ್ಗೋಥಯೋನಿನ್ ಎಂಬ ಇನ್ನೊಂದು ವಸ್ತು ಜೀವಕೋಶಗಳಿಗೆ ಹಾನಿಯಾಗದಂತೆ ಕಾಪಾಡುವ ಗುಣವುಳ್ಳದ್ದು. ಮನುಷ್ಯನ ದೇಹ ಇದನ್ನು ತಯಾರಿಸಲಾರದು. ನಮಗೆ ದೊರೆಯುವ ಆಹಾರಗಳಲ್ಲಿ ಅಣಬೆಯೇ ಇದರ ಮುಖ್ಯ ಆಕರ. ಬೇಯಿಸಿದರೂ ಇದು ಬಹುಮಟ್ಟಿಗೆ ಉಳಿಯುತ್ತದೆ.

ಕ್ಯಾನ್ಸರಿನ ಮಾತಿಗೂ ಒಂದು ಹಿನ್ನೆಲೆ ಇದೆ. ಜಪಾನಿನ ವಿಜ್ಞಾನಿ ಗೊರೊ ಚಿಹಾರಾ ಮತ್ತು ಸಂಗಡಿಗರು 1969ರಲ್ಲಿ ಶಿಟಾಕೆ ಅಣಬೆಯಿಂದ ಲೆಂಟಿನಾನ್ ಎಂಬ ಬೀಟಾ ಗ್ಲೂಕಾನನ್ನು ಬೇರ್ಪಡಿಸಿ, ಅದು ಇಲಿಗಳಲ್ಲಿ ಗೆಡ್ಡೆಯ ಬೆಳವಣಿಗೆಯನ್ನು ತಡೆಯುವುದೆಂದು ವರದಿ ಮಾಡಿದರು. ಜಪಾನಿನಲ್ಲಿ 1985ರಲ್ಲಿ ಹೊಟ್ಟೆಯ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇದನ್ನು ಬಳಸಲು ಒಪ್ಪಿಗೆ ದೊರೆಯಿತು. ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಅದನ್ನು ಶುದ್ಧಗೊಳಿಸಿ ಸೂಜಿಯ ಮೂಲಕ ಕೊಟ್ಟರು, ಸಾರು ಮಾಡಿ ಉಣಿಸಲಿಲ್ಲ. ಕ್ಯಾನ್ಸರಿನ ಮುಖ್ಯ ಔಷಧಿಯ ಜೊತೆಯಲ್ಲಿ ಕೊಟ್ಟರು, ಅದರ ಬದಲಾಗಿ ಅಲ್ಲ. "ಅಣಬೆ ತಿಂದರೆ ಕ್ಯಾನ್ಸರ್ ಹೋಗುತ್ತದೆ" ಎಂಬ ಮಾತಿಗೆ ಇದರಿಂದ ಆಧಾರ ದೊರೆಯುವುದಿಲ್ಲ.

ಅಡಿಕೆ ಬೆಳೆಗಾರರಿಗೆ ಗ್ಯಾನೋಡರ್ಮಾ ಹೊಸದಲ್ಲ. ಚೀನಾ, ಜಪಾನುಗಳಲ್ಲಿ ಔಷಧಿ ಅಣಬೆಯೆಂದು ಹೆಸರಾದ ಈ ಜಾತಿಗೆ ಸೇರಿದ ಶಿಲೀಂಧ್ರವೇ ನಮ್ಮ ಅಡಿಕೆ, ತೆಂಗಿನ ಬುಡಕ್ಕೆ ತಗಲಿ 'ಅಣಬೆ ರೋಗ' ತರುತ್ತದೆ. ಬುಡದಲ್ಲಿ ಮೂಡುವ ಕಂದು ಬಣ್ಣದ, ಮರದಂತೆ ಗಟ್ಟಿಯಾದ ಬಟ್ಟಲುಗಳು ಅದರವೇ. ಅವನ್ನು ಕಿತ್ತು ಪುಡಿ ಮಾಡಿ ಕಷಾಯ ಕುಡಿಯುವುದು ಸಲ್ಲದು. ತೋಟದ ಶಿಲೀಂಧ್ರ ಯಾವ ಪ್ರಭೇದದ್ದು, ಅದಕ್ಕೆ ಯಾವ ಔಷಧ ಸಿಂಪಡಣೆ ತಾಗಿದೆ ಎಂಬುದು ನೋಡಿದ ಮಾತ್ರಕ್ಕೆ ತಿಳಿಯದು. ಆ ಬಟ್ಟಲುಗಳನ್ನು ಕಿತ್ತು ಸುಟ್ಟು, ರೋಗ ಹರಡದಂತೆ ನೋಡಿಕೊಳ್ಳುವುದೇ ಸರಿ.

ಒಟ್ಟಿನಲ್ಲಿ ಹೇಳುವುದಾದರೆ, ವಾರಕ್ಕೆ ಒಂದೆರಡು ಬಾರಿ ಅಣಬೆ ಉಣ್ಣುವುದು ಆರೋಗ್ಯಕ್ಕೆ ಹಿತಕರ. ಬಂದ ರೋಗಕ್ಕೆ ಮದ್ದು ವೈದ್ಯರಲ್ಲಿದೆ.

ಕಾಡಣಬೆ: ಜೀವಕ್ಕೆ ಎರವಾಗದಿರಲಿ

ಹುತ್ತದ ಅಣಬೆಯ ರುಚಿಗೆ ಸಾಟಿಯಿಲ್ಲವೆಂಬುದು ಮಲೆನಾಡಿಗರೆಲ್ಲ ಬಲ್ಲ ಮಾತು. ಗೆದ್ದಲುಗಳು ತಮ್ಮ ಗೂಡಿನಲ್ಲಿ ಸಾಕಿಕೊಳ್ಳುವ ಶಿಲೀಂಧ್ರದಿಂದ ಅದು ಮೇಲೇಳುತ್ತದೆ. ಅದರ ಕಾಲು ಬೇರಿನಂತೆ ನೆಲದೊಳಗೆ ಗೂಡಿನವರೆಗೂ ಇಳಿದಿರುತ್ತದೆ. ಗೆದ್ದಲಿನ ನೆರವಿಲ್ಲದೆ ಅದು ಏಳದ ಕಾರಣ ಚೀಲದಲ್ಲಿ ಅದರ ಬೇಸಾಯ ಸಾಧ್ಯವಾಗಿಲ್ಲ. ಅದನ್ನು ತಲೆಮಾರಿನಿಂದ ಆರಿಸುತ್ತ ಬಂದವರ ಅನುಭವಕ್ಕೆ ಬೆಲೆ ಇದೆ. ಆ ಅನುಭವವಿಲ್ಲದವರು, ಮುಖ್ಯವಾಗಿ ಪಟ್ಟಣದಿಂದ ಬಂದವರು, ಮಕ್ಕಳು ಮತ್ತು ಹೊರಜಿಲ್ಲೆಯ ಕೂಲಿಕಾರರು, ನೋಟದಿಂದ ಊಹಿಸಿ ಆರಿಸುವುದು ಅಪಾಯಕರ.

ಅಮಾನಿಟಾ ಜಾತಿಯ ಕೆಲವು ಅಣಬೆಗಳ ವಿಷ ಯಕೃತ್ತನ್ನು ಹಾಳುಮಾಡುತ್ತದೆ. ಎಷ್ಟು ಬೇಯಿಸಿದರೂ, ಒಣಗಿಸಿದರೂ ಈ ವಿಷ ನಾಶವಾಗದು. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು 13 ಮಂದಿ ಸತ್ತರು. ಅವರಲ್ಲಿ ಬಹಳ ಮಂದಿ ಚಹಾ ತೋಟದ ಪ್ರದೇಶದ ಬಡವರು. ಈ ವಿಷದ ಮೋಸವೆಂದರೆ ಅದು ಕೂಡಲೇ ತೋರಿಕೊಳ್ಳುವುದಿಲ್ಲ. ತಿಂದ 6ರಿಂದ 24 ಗಂಟೆಗಳ ನಂತರ ವಾಂತಿ, ಭೇದಿ, ಹೊಟ್ಟೆನೋವು ಪ್ರಾರಂಭವಾಗುತ್ತವೆ. ಒಂದು ದಿನ ಗುಣವಾದಂತೆ ಕಂಡು, ಆಮೇಲೆ ಕಾಮಾಲೆ ಕಾಣಿಸಿ ರೋಗಿ ಕುಸಿಯುತ್ತಾನೆ. ಆದ್ದರಿಂದ "ಈಗ ವಾಸಿಯಾಯಿತಲ್ಲ" ಎಂದು ಮನೆಯಲ್ಲಿ ಕುಳಿತರೆ ಪ್ರಾಣಕ್ಕೇ ಅಪಾಯ.

ವಿಷದ ಅಣಬೆಯನ್ನು ಪತ್ತೆ ಹಚ್ಚಲು ಜನ ಅನುಸರಿಸುವ ಈ ಕೆಳಗಿನ ಪರೀಕ್ಷೆಗಳಲ್ಲಿ ಯಾವುದನ್ನೂ ನಂಬಬಾರದು:

1. ಬೆಳ್ಳಿಯ ಚಮಚ ಅಥವಾ ನಾಣ್ಯ ಕಪ್ಪಾದರೆ ವಿಷ ಎಂಬುದು.
2. ಬೆಳ್ಳುಳ್ಳಿ, ಅರಿಸಿನ ಅಥವಾ ಅಕ್ಕಿ ಬಣ್ಣ ಬದಲಿಸಿದರೆ ವಿಷ ಎಂಬುದು.
3. ಹುಳು, ಬಸವನಹುಳು ತಿಂದಿದ್ದರೆ ಮನುಷ್ಯನೂ ತಿನ್ನಬಹುದು ಎಂಬುದು.
4. ಬಣ್ಣದವು ಮಾತ್ರ ವಿಷ, ಬಿಳಿಯವು ನಿರಪಾಯ ಎಂಬುದು. ಅತಿ ಘೋರ ವಿಷದ ಕೆಲವು ಅಣಬೆಗಳು ಅಚ್ಚ ಬಿಳಿಯವು.
5. ಹುಣಸೆಹುಳಿ ಹಾಕಿ ಬೇಯಿಸಿದರೆ ವಿಷ ಹೋಗುತ್ತದೆ ಎಂಬುದು.

ಕಾಡಣಬೆ ತಿಂದವರಲ್ಲಿ ಯಾರಿಗಾದರೂ ವಾಂತಿ ಭೇದಿ ಕಂಡರೆ ಕೂಡಲೇ ತಾಲ್ಲೂಕು ಆಸ್ಪತ್ರೆಗೆ ಅಥವಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದೊಯ್ಯಬೇಕು. ಅದೇ ಅಡುಗೆ ಉಂಡ ಉಳಿದವರನ್ನೂ, ಅವರು ಚೆನ್ನಾಗಿಯೇ ಇದ್ದರೂ, ಜೊತೆಗೆ ಕರೆದೊಯ್ಯಬೇಕು. ಉಳಿದ ಅಣಬೆ ಅಥವಾ ಸಿಪ್ಪೆ ಇದ್ದರೆ ಕಾಗದದಲ್ಲಿ ಸುತ್ತಿ ವೈದ್ಯರಿಗೆ ತೋರಿಸಬೇಕು. ಇನ್ನೊಂದು ಮಾತು: ಅಣಬೆಗಳು ತಾವಿರುವ ನೆಲದಿಂದ ಸೀಸ, ಕ್ಯಾಡ್ಮಿಯಂ ಮುಂತಾದ ಲೋಹಗಳನ್ನು ಹೀರಿಕೊಳ್ಳುತ್ತವೆ. ಹೆದ್ದಾರಿಯ ಬದಿ, ಕಾರ್ಖಾನೆಗಳ ಸುತ್ತಿನ ಬಯಲು, ಊರಿನ ಕಸ ಸುರಿಯುವ ಜಾಗ ಇಲ್ಲೆಲ್ಲ ಬೆಳೆದವನ್ನು, ತಿನ್ನುವ ಜಾತಿಯೇ ಆಗಿದ್ದರೂ, ತರಬಾರದು.

ಮನೆಮಟ್ಟಿಗೆ ಚಿಪ್ಪು ಅಣಬೆ

ವಿಷದ ಭಯವಿಲ್ಲದೆ ಅಣಬೆ ಉಣ್ಣಲು ಇರುವ ಒಳ್ಳೆಯ ದಾರಿ ಎಂದರೆ ಬೆಳೆದುಕೊಳ್ಳುವುದು. ಗುಂಡಿ ಅಣಬೆಗೆ 16ರಿಂದ 18 ಡಿಗ್ರಿ ಸೆಂಟಿಗ್ರೇಡ್ ತಂಪು ಬೇಕಾದುದರಿಂದ ಯಂತ್ರದ ತಂಪಿಲ್ಲದೆ ನಮ್ಮಲ್ಲಿ ಬಾರದು. ಚಿಪ್ಪು ಅಣಬೆಗೆ 20ರಿಂದ 30 ಡಿಗ್ರಿ ಶಾಖ, ಶೇಕಡ 80ರಿಂದ 85 ತೇವಾಂಶ ಸಾಕು. ಜೂನ್‌ನಿಂದ ಫೆಬ್ರವರಿವರೆಗಿನ ಶಿವಮೊಗ್ಗ, ಭದ್ರಾವತಿಗಳ ಹವೆ ಇದಕ್ಕೆ ಒಪ್ಪುತ್ತದೆ. ಬೇಸಿಗೆಯಲ್ಲಿ 35 ಡಿಗ್ರಿವರೆಗೂ ತಡೆಯುವ ಹಾಲು ಅಣಬೆಯನ್ನು ಬೆಳೆಯಬಹುದು.

1. ಹುಲ್ಲು: ಅದೇ ವರ್ಷದ, ಮಳೆಗೆ ನೆನೆಯದ, ಬೂಷ್ಟು ಹಿಡಿಯದ ಭತ್ತದ ಹುಲ್ಲನ್ನು ಆರಿಸಿ 2 ಅಂಗುಲದ ತುಂಡುಗಳಾಗಿ ಕತ್ತರಿಸಬೇಕು. ಕೊಯ್ಲಿಗೆ ಮುನ್ನ ಕೀಟನಾಶಕ ಹೊಡೆದ ಗದ್ದೆಯ ಹುಲ್ಲನ್ನು ಬಿಡಬೇಕು. ಅಡಿಕೆ ಹಾಳೆ ಬಳಸುವವರು ಬೋರ್ಡೋ ದ್ರಾವಣ ತಾಗಿದ ಹಾಳೆಗಳನ್ನು ಬೇರ್ಪಡಿಸಬೇಕು. ಅದರ ತಾಮ್ರವು ಶಿಲೀಂಧ್ರಕ್ಕೆ ಮಾರಕ.

2. ನೆನೆಸುವುದು: ತುಂಡುಗಳನ್ನು ಚೀಲದಲ್ಲಿ ತುಂಬಿ 8ರಿಂದ 12 ಗಂಟೆ ತಣ್ಣೀರಿನಲ್ಲಿ ನೆನೆಸಿ ಬಸಿಯಬೇಕು. ನಂತರ 80 ಡಿಗ್ರಿ ಶಾಖದ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸಿಡಬೇಕು. ಇದರಿಂದ ಬೇರೆ ಬೂಷ್ಟುಗಳು ಸಾಯುತ್ತವೆ.

3. ಹದ: ಬಸಿದ ಹುಲ್ಲನ್ನು ಶುಭ್ರವಾದ ಹಾಳೆಯ ಮೇಲೆ ನೆರಳಿನಲ್ಲಿ ಹರಡಿ ಆರಿಸಬೇಕು. ಹಿಡಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕದೆ ಅಂಗೈ ಮಾತ್ರ ಒದ್ದೆಯಾದರೆ ಹದ ಸರಿ ಇದೆಯೆಂದು ತಿಳಿಯಬೇಕು.

4. ಬೀಜ ಹಾಕುವುದು: 14 ಅಂಗುಲ ಅಗಲ, 20 ಅಂಗುಲ ಉದ್ದದ ಪಾಲಿಥೀನ್ ಚೀಲದಲ್ಲಿ ಒಂದು ಪದರ ಹುಲ್ಲು, ಅದರ ಅಂಚಿನ ಸುತ್ತ ಬೀಜ, ಮತ್ತೆ ಹುಲ್ಲು ಹೀಗೆ ನಾಲ್ಕೈದು ಪದರ ತುಂಬಬೇಕು. ಒಂದು ಕಿಲೊ ಒಣ ಹುಲ್ಲಿಗೆ ಸುಮಾರು 100 ಗ್ರಾಂ ಬೀಜ ಸಾಕು. ಬಾಯಿ ಕಟ್ಟಿ, ಸುತ್ತಲೂ ಹದಿನೈದು ಇಪ್ಪತ್ತು ಸಣ್ಣ ತೂತು ಮಾಡಬೇಕು.

5. ಹಬ್ಬುವುದು: ಚೀಲಗಳನ್ನು ಮಬ್ಬುಗತ್ತಲೆಯ ಕೋಣೆಯಲ್ಲಿ 15ರಿಂದ 20 ದಿನ ಇಡಬೇಕು. ಬಿಳಿಯ ಎಳೆಗಳು ಹುಲ್ಲನ್ನೆಲ್ಲ ಹೆಣೆದುಕೊಳ್ಳುತ್ತವೆ. ಹಸಿರು ಅಥವಾ ಕಪ್ಪು ಬೂಷ್ಟು ಕಂಡ ಚೀಲವನ್ನು ಕೂಡಲೇ ಹೊರಗೊಯ್ದು ಹೂಳಬೇಕು.

6. ಕೊಯ್ಲು: ಚೀಲವನ್ನು ಸೀಳಿ ತೆಗೆದು, ಗಾಳಿ ಬೆಳಕು ಆಡುವ ಕೋಣೆಯಲ್ಲಿ ಇಟ್ಟು, ದಿನಕ್ಕೆ ಎರಡು ಮೂರು ಬಾರಿ ಹನಿಹನಿಯಾಗಿ ನೀರು ಚಿಮುಕಿಸಬೇಕು. ಕೆಲವೇ ದಿನಗಳಲ್ಲಿ ಮೊಗ್ಗು ಮೂಡಿ ಕೊಯ್ಲಿಗೆ ಬರುತ್ತದೆ. ವಾರದ ಅಂತರದಲ್ಲಿ ಎರಡು ಮೂರು ಕೊಯ್ಲು ದೊರೆಯುತ್ತವೆ. ಒಂದು ಕಿಲೊ ಒಣ ಹುಲ್ಲಿಗೆ ಒಟ್ಟು 500ರಿಂದ 800 ಗ್ರಾಂ ಇಳುವರಿ ನಿರೀಕ್ಷಿಸಬಹುದು.

ಐದು ಜನರ ಮನೆಗೆ ವಾರಕ್ಕೊಂದು ದಿನ ತಲಾ 200 ಗ್ರಾಂ ಅಣಬೆ ಬೇಕಾದರೆ ಒಂದು ಕಿಲೊ ಆಯಿತು. ವಾರಕ್ಕೆ ಒಂದು ಕಿಲೊ ಒಣ ಹುಲ್ಲಿನ ಎರಡು ಚೀಲ ಹಾಕುತ್ತ ಹೋದರೆ ಇಷ್ಟು ದೊರೆಯುತ್ತದೆ. ವರ್ಷಪೂರ್ತಿ ಹಾಕಿದರೂ ಬೇಕಾಗುವ ಹುಲ್ಲು ಸುಮಾರು 100 ಕಿಲೊ. ಒಂದು ಎಕರೆ ಗದ್ದೆಯ ಹುಲ್ಲಿನಲ್ಲಿ ಇದು ಲೆಕ್ಕಕ್ಕೇ ಬಾರದು. ಹುಲ್ಲನ್ನು ಗದ್ದೆಯಲ್ಲೇ ಸುಡುವ ರೈತರು ಈ ಮಾತನ್ನು ಯೋಚಿಸಬೇಕು. ಜಮೀನಿಲ್ಲದವರೂ, ಗೋಪಾಳದಂತಹ ಬಡಾವಣೆಯಲ್ಲಿ ಒಂದು ಖಾಲಿ ಕೋಣೆ ಇರುವವರೂ ಹುಲ್ಲು ಕೊಂಡು ಬೆಳೆಯಬಹುದು. ಕೊಯ್ಲು ಮುಗಿದ ಹುಲ್ಲು ಎರೆಗೊಬ್ಬರಕ್ಕೆ ಒದಗುತ್ತದೆ.

ಬೆಳೆಯುವವರ ಆರೋಗ್ಯಕ್ಕೆ ಸಂಬಂಧಿಸಿದಂತೆ ಒಂದು ಎಚ್ಚರಿಕೆ ಅಗತ್ಯ. ಬಲಿತ ಚಿಪ್ಪು ಅಣಬೆ ಹೊಗೆಯಂತೆ ಬೀಜಾಣುಗಳನ್ನು ಉದುರಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ದಿನವೂ ಇದನ್ನು ಉಸಿರಾಡಿದರೆ ಕೆಮ್ಮು, ಜ್ವರ, ಉಬ್ಬಸ ಬರಬಹುದು. ಕೊಡೆಯ ಅಂಚು ಮೇಲಕ್ಕೆ ಮಡಚಿಕೊಳ್ಳುವ ಮುನ್ನವೇ ಕೊಯ್ಯಬೇಕು. ಒಳಹೋಗುವ ಮೊದಲು ಕಿಟಕಿ ತೆರೆದು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಮಲಗುವ ಕೋಣೆಯಲ್ಲಿ ಚೀಲಗಳನ್ನು ಇಡಬಾರದು.

ಅಡುಗೆ ಮತ್ತು ಶೇಖರಣೆ

ಅಣಬೆಯನ್ನು ಹಸಿಯಾಗಿ ತಿನ್ನಬಾರದು. ಚೆನ್ನಾಗಿ ಬೇಯಿಸಿದರೆ ಕೈಟಿನ್ ಮೆದುವಾಗಿ ಜೀರ್ಣಕ್ಕೆ ಸುಲಭವಾಗುತ್ತದೆ. ಹಸಿಯಲ್ಲಿರುವ ಕೆಲವು ಅಹಿತಕರ ಅಂಶಗಳೂ ನಾಶವಾಗುತ್ತವೆ. ಬಹಳ ಹೊತ್ತು ನೀರಿನಲ್ಲಿ ನೆನೆಸಿದರೆ ಅಥವಾ ಬೇಯಿಸಿದ ನೀರನ್ನು ಚೆಲ್ಲಿದರೆ 'ಬಿ' ಜೀವಸತ್ವಗಳು ಹೋಗುತ್ತವೆ. ಬೇಗನೆ ತೊಳೆದು, ಅಣಬೆ ಬಿಡುವ ನೀರಿನಲ್ಲೇ ಬೇಯಿಸಿ ಸಾರಿಗೆ ಸೇರಿಸಬೇಕು. ಮೊಳಕೆ ಹುರುಳಿ ಅಥವಾ ಹೆಸರುಕಾಳಿನ ಜೊತೆ ಮಾಡಿದರೆ ಸಸಾರಜನಕ ಇನ್ನೂ ಹೆಚ್ಚುತ್ತದೆ.

ಹಸಿ ಅಣಬೆ ಶೀತಕದಲ್ಲಿ ಎರಡು ಮೂರು ದಿನ ಉಳಿಯುತ್ತದೆ. ಅಂಟು ಅಂಟಾದುದನ್ನು, ವಾಸನೆ ಬಂದುದನ್ನು ಎಸೆಯಬೇಕು. ಮಾರಿ ಉಳಿದುದನ್ನು ಬಿಸಿಲಿನಲ್ಲಿ ಮುರಿದರೆ ಚಟಕ್ಕೆನ್ನುವವರೆಗೆ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿಡಬಹುದು. ಅಡುಗೆಗೆ ಮುನ್ನ ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸಿದರೆ ಸಾಕು. ಒಣಗಿದ ಅಣಬೆಯ ಪುಡಿಯನ್ನು ಚಟ್ನಿಪುಡಿಗೆ, ರಾಗಿ ರೊಟ್ಟಿಯ ಹಿಟ್ಟಿಗೆ ಒಂದೆರಡು ಚಮಚ ಬೆರೆಸಿ ಮಕ್ಕಳಿಗೆ ಕೊಡಬಹುದು. ಅಂಗಡಿಯಲ್ಲಿ ಔಷಧಿಯೆಂದು ಮಾರುವ ದುಬಾರಿ ಪುಡಿಗಿಂತ, ಏನಿದೆಯೆಂದು ನಮಗೇ ತಿಳಿದಿರುವ ಈ ಪುಡಿ ಮೇಲು.

ರೈತರು ಕೇಳುವ ಪ್ರಶ್ನೆಗಳು

ಪ್ರಶ್ನೆ: ನಮ್ಮ ತಾಯಿಗೆ ಸಕ್ಕರೆ ಕಾಯಿಲೆ ಇದೆ. ಅಣಬೆ ಕೊಟ್ಟು ಮಾತ್ರೆ ನಿಲ್ಲಿಸಬಹುದೇ?
ಉತ್ತರ: ನಿಲ್ಲಿಸಬಾರದು. ಅಣಬೆಯನ್ನು ಊಟದ ಭಾಗವಾಗಿ ಕೊಡಿ. ಮಾತ್ರೆ ಕಡಿಮೆ ಮಾಡುವ ತೀರ್ಮಾನ ರಕ್ತ ಪರೀಕ್ಷೆ ನೋಡಿದ ವೈದ್ಯರದು.

ಪ್ರಶ್ನೆ: ಯಾರು ತಿನ್ನಬಾರದು?
ಉತ್ತರ: ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಷಿಯಂ ಕಡಿಮೆ ಮಾಡಲು ಸಲಹೆ ಪಡೆದವರು, ಯೂರಿಕ್ ಆಮ್ಲ ಹೆಚ್ಚಿ ಕೀಲುನೋವು ಇರುವವರು ವೈದ್ಯರನ್ನು ಕೇಳಿ ತಿನ್ನಬೇಕು. ತಿಂದಾಗ ತುರಿಕೆ, ದದ್ದು, ಹೊಟ್ಟೆಯುಬ್ಬರ ಬರುವವರು ಬಿಡಬೇಕು. ಮೊದಲ ಸಲ ತಿನ್ನುವವರು ಸ್ವಲ್ಪವೇ ತಿಂದು ನೋಡುವುದು ಒಳ್ಳೆಯದು.

ಪ್ರಶ್ನೆ: ಬೇಸಾಯದ ಚೀಲದಲ್ಲಿ ಬೇರೆ ಬಗೆಯ ಕೊಡೆಗಳು ಎದ್ದರೆ?
ಉತ್ತರ: ಹುಲ್ಲು ಸರಿಯಾಗಿ ಬಿಸಿಯಾಗದಿದ್ದರೆ ತೆಳುವಾದ, ಕಪ್ಪಾಗಿ ಕರಗುವ ಕೊಡೆಗಳು ಏಳುವುದುಂಟು. ಅವನ್ನು ಕಿತ್ತು ಹೂಳಬೇಕು, ತಿನ್ನಬಾರದು.

ಪ್ರಶ್ನೆ: ಬೀಜ ಮತ್ತು ತರಬೇತಿ ಎಲ್ಲಿ ದೊರೆಯುತ್ತದೆ?
ಉತ್ತರ: ಶಿವಮೊಗ್ಗದ ನವುಲೆಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ಮಾರ್ಗದರ್ಶನ ದೊರೆಯುತ್ತದೆ. ಬೀಜವನ್ನು ಬೇಕಾದಾಗ ತಾಜಾ ತರಬೇಕು. ಹಳೆಯ ಬೀಜದಿಂದ ಇಳುವರಿ ಬಾರದು.

ಹೊಸದಾಗಿ ಪ್ರಾರಂಭಿಸುವವರು ಸಾಲ ಮಾಡಿ ದೊಡ್ಡ ಮನೆ ಕಟ್ಟಲು ಹೋಗದೆ ಮೊದಲು ನಾಲ್ಕು ಚೀಲ ಹಾಕಿ ನೋಡಬೇಕು. ಆ ನಾಲ್ಕು ಚೀಲದ ಬೆಳೆಯನ್ನು ಮಾರದೆ ಮನೆಯವರೇ ಉಣ್ಣಬೇಕೆಂಬುದು ನಮ್ಮ ಸಲಹೆ. ರುಚಿ ಹಿಡಿದು, ಕೈ ಪಳಗಿದ ಮೇಲೆ ಹತ್ತಿರದ ಪೇಟೆಯ ಬೇಡಿಕೆ ನೋಡಿಕೊಂಡು ಚೀಲಗಳನ್ನು ಹೆಚ್ಚಿಸಬಹುದು. ಸುಗ್ಗಿ ಮುಗಿದು ಬಣವೆ ಒಟ್ಟುವಾಗಲೇ ಒಳ್ಳೆಯ ಒಣ ಹುಲ್ಲಿನ ಒಂದೆರಡು ಹೊರೆಯನ್ನು ಮಳೆ ತಾಗದ ಕಡೆ ಬೇರೆಯಾಗಿ ತೆಗೆದಿಟ್ಟರೆ ಜೂನ್ ತಿಂಗಳಲ್ಲಿ ಕೆಲಸ ಪ್ರಾರಂಭಿಸಲು ಅನುಕೂಲವಾಗುತ್ತದೆ.